ಯಾರಿಗೂ ಶಾಕ್ ಹೊಡೆದಿಲ್ಲ, ಮತ್ತೆ ಹೊಸ ನಿಯಮ ಯಾಕೆ?

ಪ್ರಶ್ನೆ: ಚಿಕ್ಕ ಆಸ್ಪತ್ರೆಯೊಂದರಲ್ಲಿ ಉಪಕರಣಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಹೊಸ ಪೇಷಂಟ್ ಮಾನಿಟರ್‌ಗೆ ಕೊಟೇಶನ್ ತರಿಸಿದೆ. ಬೆಲೆ ನೋಡಿ ಗಾಬರಿಯಾಯಿತು. ಕೇಳಿದರೆ, "ಹೊಸ ಸ್ಟ್ಯಾಂಡರ್ಡ್ ಬಂದಿದೆ, ಸೇಫ್ಟಿ ಬಿಗಿಯಾಗಿದೆ" ಅಂತಾರೆ. ನಮ್ಮ ಹಳೆಯ ಮಾನಿಟರ್‌ಗಳಿಗೆ ಹದಿನೈದು ವರ್ಷ. ಇನ್ನೂ ಚೆನ್ನಾಗಿ ಓಡುತ್ತಿವೆ, ಇದುವರೆಗೂ ಯಾರಿಗೂ ಶಾಕ್ ಹೊಡೆದಿಲ್ಲ. ಈ ಬಿಗಿ ನಿಯಮಗಳಿಂದ ರೋಗಿಗೆ ನಿಜವಾಗಿ ಲಾಭ ಇದೆಯಾ, ಅಥವಾ ಕಾಗದ ಜಾಸ್ತಿ ಆಗಿದೆ ಅಷ್ಟೇನಾ? ಹಳೆಯದನ್ನು ತೆಗೆದುಹಾಕಲೇಬೇಕಾ?

ಉತ್ತರ: "ಇದುವರೆಗೂ ಯಾರಿಗೂ ಶಾಕ್ ಹೊಡೆದಿಲ್ಲ" ಅಂತ ಬರೆದಿದ್ದೀರಿ. ಅಲ್ಲಿಂದಲೇ ಶುರು ಮಾಡೋಣ.

ಶಾಕ್ ಹೊಡೆದದ್ದು ನನಗೋ ನಿಮಗೋ ಗೊತ್ತಾಗಬೇಕಾದರೆ ಹೆಚ್ಚುಕಡಿಮೆ 1 ಮಿಲಿಆಂಪಿಯರ್ ಕರೆಂಟ್ ಮೈಯಲ್ಲಿ ಹರಿಯಬೇಕು. ಒಣ ಚರ್ಮ ತಕ್ಕಮಟ್ಟಿಗೆ ಅದನ್ನು ತಡೆಯುತ್ತದೆ. ಒಳಗೆ ನುಗ್ಗಿದ್ದೂ ಇಡೀ ಎದೆಯಲ್ಲಿ ಹರಡಿಕೊಳ್ಳುತ್ತದೆ, ಹೃದಯದ ಪಾಲಿಗೆ ಬರುವುದು ಒಂದು ಚೂರು ಮಾತ್ರ. ಈಗ ಹೃದಯದೊಳಗೆ ಪೇಸಿಂಗ್ ವೈರೋ (ಬಡಿತ ನಡೆಸಲು ಇಳಿಸಿದ ತಂತಿ), ಸಲೈನ್ ತುಂಬಿದ ಕ್ಯಾತಿಟರೋ (ತೆಳು ಕೊಳವೆ) ಇರುವ ರೋಗಿಯನ್ನು ನೆನೆಸಿಕೊಳ್ಳಿ. ಅವರ ಲೆಕ್ಕದಲ್ಲಿ ಚರ್ಮ ಅನ್ನುವುದೇ ಇಲ್ಲ. ಕರೆಂಟಿಗೆ ನೇರ ದಾರಿ ಸಿಕ್ಕಿಬಿಟ್ಟಿದೆ. ಕೆಲವು ಹತ್ತುಗಳಷ್ಟು ಮೈಕ್ರೋಆಂಪಿಯರ್ ಸಾಕು (ಸಾವಿರ ಮೈಕ್ರೋ ಸೇರಿದರೆ ಒಂದು ಮಿಲಿ), ಹೃದಯದ ತಾಳ ತಪ್ಪಬಹುದು. ಅದೇ ಕರೆಂಟನ್ನು ಪಕ್ಕದಲ್ಲಿ ನಿಂತ ನರ್ಸ್ ಬೆರಳಲ್ಲಿ ಮುಟ್ಟಿದರೆ ಏನೂ ಅನ್ನಿಸುವುದಿಲ್ಲ.

ಅಂದರೆ ಇಲ್ಲಿ ಕೊಲ್ಲುವ ಕರೆಂಟ್ ಜುಮ್ ಅನ್ನಿಸುವುದಿಲ್ಲ, ಕಿಡಿ ಹಾರಿಸುವುದಿಲ್ಲ, ಫ್ಯೂಸ್ ಸುಡುವುದಿಲ್ಲ. ರೋಗಿ ಮೊದಲೇ ಹೃದಯದ ಕಾಯಿಲೆಯವರು. ಏನಾದರೂ ಆದರೆ ಕಾಯಿಲೆಯಿಂದಲೇ ಆಯಿತು ಅಂದುಕೊಳ್ಳುತ್ತೇವೆ. ಹಾಗಾಗಿ "ಯಾರಿಗೂ ಹೊಡೆದಿಲ್ಲ" ಅನ್ನುವುದನ್ನು ನಾನು ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಅದೇ ಮಾತು ಹೇಳುತ್ತಿದ್ದೆ.

ನಿಮ್ಮ ಹಳೆಯ ಮಾನಿಟರ್ ಹತ್ತಿರ ಹೋಗಿ, ಇಸಿಜಿ ಕೇಬಲ್ ಸಿಕ್ಕಿಸುವ ಜಾಗದ ಪಕ್ಕ ನೋಡಿ. ಅಲ್ಲೊಂದು ಪುಟ್ಟ ಚಿತ್ರ ಇರುತ್ತದೆ. ಬರೀ ಮನುಷ್ಯನ ಚಿತ್ರ ಇದ್ದರೆ ಟೈಪ್ ಬಿ. ಮನುಷ್ಯ ಚೌಕದೊಳಗೆ ನಿಂತಿದ್ದರೆ ಬಿಎಫ್. ಚೌಕದೊಳಗೆ ಹೃದಯ ಇದ್ದರೆ ಸಿಎಫ್. ಚೌಕ ಇದೆ ಅಂದರೆ ರೋಗಿಗೆ ತಾಗುವ ಭಾಗವನ್ನು ಅರ್ಥಿನಿಂದ ಬೇರ್ಪಡಿಸಿದ್ದಾರೆ ಅಂತ ಅರ್ಥ. ಇಕ್ಕೆಲದಲ್ಲಿ ಪ್ಯಾಡಲ್ ಥರ ಎರಡು ಗುರುತು ಇದ್ದರೆ, ಕೇಬಲ್ ಹಾಕಿರುವಾಗಲೇ ಡಿಫಿಬ್ರಿಲೇಟರ್‌ನಿಂದ (ಹೃದಯದ ತಾಳ ಸರಿಪಡಿಸುವ ಯಂತ್ರ) ಶಾಕ್ ಕೊಟ್ಟರೂ ಅದು ತಾಳಿಕೊಳ್ಳುತ್ತದೆ. ಲ್ಯಾಬಿನಲ್ಲಿ 5000 ವೋಲ್ಟ್ ಕೊಟ್ಟು ನೋಡಿರುತ್ತಾರೆ.

ಯಂತ್ರ ಸರಿಯಾಗಿರುವಾಗ ಬಿ ಮತ್ತು ಬಿಎಫ್ ಭಾಗಗಳಿಂದ ರೋಗಿಯ ಮೈಗೆ 100 ಮೈಕ್ರೋಆಂಪಿಯರ್ ತನಕ ಸೋರಬಹುದು. ಸಿಎಫ್‌ನಲ್ಲಿ ಬರೀ 10. ಒಂದು ಕಡೆ ಏನಾದರೂ ಕೆಟ್ಟಾಗ, ಉದಾಹರಣೆಗೆ ಅರ್ಥ್ ವೈರ್ ತುಂಡಾದಾಗ, ಮೊದಲಿನವಕ್ಕೆ 500, ಸಿಎಫ್‌ಗೆ 50. ಹೃದಯಕ್ಕೆ ನೇರವಾಗಿ ಮುಟ್ಟುವ ಕೆಲಸಕ್ಕೆ ಸಿಎಫ್ ಬಿಟ್ಟು ಬೇರೆಯದನ್ನು ಬಳಸಬಾರದು. ಇಷ್ಟನ್ನು ನೆನಪಿಟ್ಟುಕೊಂಡರೆ ಮುಂದಿನದು ಸುಲಭ.

ಈ ನಿಯಮಗಳ ತಾಯಿಬೇರು ಐಇಸಿ (ಎಲೆಕ್ಟ್ರಿಕಲ್ ಸ್ಟ್ಯಾಂಡರ್ಡ್‌ಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ) ತಂದ 60601-1 ಅನ್ನುವ ಸ್ಟ್ಯಾಂಡರ್ಡ್. ಮೊದಲ ಆವೃತ್ತಿ ಬಂದದ್ದು 1977ರಲ್ಲಿ. ಎರಡನೆಯದು 1988, ಮೂರನೆಯದು 2005. ಅದಕ್ಕೆ 2012 ಮತ್ತು 2020ರಲ್ಲಿ ತಿದ್ದುಪಡಿ ಆಯಿತು. ಇದಕ್ಕೂ ಹಿಂದಿನ ಕಥೆ ಸ್ವಲ್ಪ ಮಜವಾಗಿದೆ. 1971ರಲ್ಲಿ ಅಮೆರಿಕದ ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್, ಅಲ್ಲಿನ ಆಸ್ಪತ್ರೆಗಳಲ್ಲಿ ವರ್ಷಕ್ಕೆ ಕಡಿಮೆಯೆಂದರೂ 1200 ಮಂದಿ ಕರೆಂಟ್ ತಗಲಿ ಸಾಯುತ್ತಿದ್ದಾರೆ ಅಂತ ಪತ್ರಿಕೆಯೊಂದರಲ್ಲಿ ಬರೆದರು. ಆ ಸಂಖ್ಯೆಗೆ ಗಟ್ಟಿ ಆಧಾರ ಕೊನೆಗೂ ಸಿಗಲಿಲ್ಲ. ಆದರೆ ಹುಟ್ಟಿದ ಗಾಬರಿ ಸುಳ್ಳಾಗಿರಲಿಲ್ಲ. ಆಸ್ಪತ್ರೆಗಳು ಎಂಜಿನಿಯರ್‌ಗಳನ್ನು ಕೆಲಸಕ್ಕೆ ಇಟ್ಟುಕೊಳ್ಳತೊಡಗಿದವು, ಮೀಟರ್ ಹಿಡಿದು ಅಳೆಸಿದವು. ನಾನೂ ನೀವೂ ಇವತ್ತು ಉಣ್ಣುವ ಅನ್ನದಲ್ಲಿ ಆ ಗಾಬರಿಯ ಋಣವೂ ಒಂದಿಷ್ಟಿದೆ.

"ಸ್ಟ್ಯಾಂಡರ್ಡ್ ಬಿಗಿಯಾಯಿತು" ಅಂದರೆ ಎಲ್ಲ ಸಂಖ್ಯೆಗಳೂ ಸಣ್ಣದಾದವು ಅಂತ ಬಹಳ ಮಂದಿ ತಿಳಿದಿದ್ದಾರೆ. ಹಾಗೇನಿಲ್ಲ. 2005ರಲ್ಲಿ ಒಂದು ಮುಖ್ಯ ಮಿತಿಯನ್ನು ಹತ್ತು ಪಟ್ಟು ಸಡಿಲ ಮಾಡಿದರು! ಅರ್ಥ್ ವೈರಿನಲ್ಲಿ ಹರಿಯುವ ಲೀಕೇಜ್ ಮೊದಲು ಯಂತ್ರ ಸರಿಯಿದ್ದಾಗ 0.5 ಮಿಲಿಆಂಪಿಯರ್ ಮೀರಬಾರದಿತ್ತು. ಈಗ 5 ತನಕ ಬಿಡುತ್ತಾರೆ. ಯಾಕೆ ಗೊತ್ತಾ? ಆ ಕರೆಂಟ್ ಹೋಗುವುದು ಗೋಡೆಯ ಅರ್ಥಿಗೆ, ರೋಗಿಯ ಮೈಗಲ್ಲ. ಅದಲ್ಲದೆ ಇನ್ನೊಂದು ನಿಯಮ, ಯಂತ್ರ ಸುತ್ತಮುತ್ತ ಎಲೆಕ್ಟ್ರಿಕಲ್ ಗಲಾಟೆ ಎಬ್ಬಿಸಬಾರದು ಅನ್ನುತ್ತದೆ. ಗಲಾಟೆ ತಡೆಯಲು ಫಿಲ್ಟರ್ ಬೇಕು. ಫಿಲ್ಟರ್‌ನಲ್ಲಿ ಅರ್ಥಿಗೆ ಸೇರಿಸಿದ ಕೆಪಾಸಿಟರ್ ಇರುತ್ತದೆ. ಅದೇ ಲೀಕೇಜ್ ಮಾಡುವುದು. ಒಂದನ್ನು ಬಿಗಿ ಮಾಡಿದರೆ ಇನ್ನೊಂದು ಸಡಿಲವಾಗಲೇಬೇಕು, ಹಗ್ಗಜಗ್ಗಾಟ. ಹಾಗಂತ ಬಾಗಿಲನ್ನೇ ತೆರೆದಿಟ್ಟಿಲ್ಲ. ಅರ್ಥ್ ವೈರ್ ತುಂಡಾದಾಗ ಯಂತ್ರದ ಹೊರಡಬ್ಬಿ ಮುಟ್ಟಿದವರ ಮೈಗೆ 500 ಮೈಕ್ರೋಆಂಪಿಯರ್‌ಗಿಂತ ಜಾಸ್ತಿ ಹರಿಯಬಾರದು ಅನ್ನುವುದು ಹಾಗೇ ಉಳಿದಿದೆ.

ಮತ್ತೆ ಬಿಗಿಯಾದದ್ದು ಏನು? ಕೇಳುವ ಪ್ರಶ್ನೆಗಳು.

ಹಿಂದೆ ಲ್ಯಾಬಿನವರು "ಇದು ಶಾಕ್ ಹೊಡೆಯುತ್ತದಾ, ಬೆಂಕಿ ಹಿಡಿಯುತ್ತದಾ, ಮಗುಚಿ ಬೀಳುತ್ತದಾ" ಅಂತ ನೋಡುತ್ತಿದ್ದರು. 2005ರ ಆವೃತ್ತಿ ಅದರ ಮೇಲೆ ಇನ್ನೊಂದು ಸೇರಿಸಿತು: ಈ ಯಂತ್ರ ಯಾವ ಕೆಲಸ ನಿಲ್ಲಿಸಿದರೆ ರೋಗಿಗೆ ಅಪಾಯ? ಅಂಥ ಕೆಲಸ ಕೆಡದಂತೆ, ಕೆಟ್ಟರೆ ಕೂಗಿ ಹೇಳುವಂತೆ ಏನು ಮಾಡಿದ್ದೀರಿ? ಉತ್ತರವನ್ನು ತಯಾರಕರೇ ಹುಡುಕಬೇಕು, ಬರೆದಿಡಬೇಕು. ಅದನ್ನು ಮಾಡುವ ಕ್ರಮ ಐಎಸ್ಒ 14971 ಅನ್ನುವ ಇನ್ನೊಂದು ಸ್ಟ್ಯಾಂಡರ್ಡ್‌ನಲ್ಲಿದೆ. ಏನೇನು ಕೆಡಬಹುದು, ಕೆಟ್ಟರೆ ಎಷ್ಟು ಹಾನಿ, ಅದನ್ನು ಹೇಗೆ ತಗ್ಗಿಸಿದಿರಿ ಅಂತ ಒಂದೊಂದನ್ನೂ ಪಟ್ಟಿ ಮಾಡುವುದು. ನಿಮಗೆ ಕಾಣುವ ಕಾಗದದ ರಾಶಿ ಬಹುಪಾಲು ಇದೇ.

ಕಾಗದ ಅಂತ ನಾನೂ ಗೊಣಗಿದವನೇ. ಒಂದು ಮಧ್ಯಾಹ್ನ ಬುದ್ಧಿ ಬಂತು. ಲ್ಯಾಬಿನಲ್ಲಿ ಒಂದು ಇನ್ಫ್ಯೂಷನ್ ಪಂಪನ್ನು (ಔಷಧಿಯನ್ನು ಅಳತೆ ಪ್ರಕಾರ ರೋಗಿಯ ಮೈಗೆ ಬಿಡುವ ಯಂತ್ರ) ಟೇಬಲ್ ಮೇಲಿಟ್ಟು ಸ್ಟ್ಯಾಟಿಕ್ ಗನ್ ಹಿಡಿದಿದ್ದೆವು. ಮನುಷ್ಯ ಸಿಂಥೆಟಿಕ್ ಬಟ್ಟೆ ಹಾಕಿಕೊಂಡು ಓಡಾಡಿ ಬಂದು ಯಂತ್ರ ಮುಟ್ಟಿದಾಗ ಚಿಟ್ ಅನ್ನುತ್ತದಲ್ಲಾ, ಅದೇ ಕಿಡಿಯನ್ನು ಲೆಕ್ಕ ಹಾಕಿ ಹಾರಿಸುವ ಗನ್ ಅದು. ಎಲೆಕ್ಟ್ರಿಕಲ್ ಗಲಾಟೆಯ ಬಗ್ಗೆ ಹೇಳುವ ಭಾಗ 60601-1-2. 2014ರಲ್ಲಿ ಬಂದ ಅದರ ಆವೃತ್ತಿಯಲ್ಲಿ ಗಾಳಿಯ ಮೂಲಕ 15 ಕಿಲೋವೋಲ್ಟ್ ತನಕ ಹಾರಿಸಬೇಕು. ಅದಕ್ಕೂ ಹಿಂದೆ 8 ಸಾಕಿತ್ತು. 8ಕ್ಕೆ ಪಂಪ್ ಜಗ್ಗಲಿಲ್ಲ. 15ಕ್ಕೆ ಏರಿಸಿ ಕೀಪ್ಯಾಡ್ ಅಂಚಿಗೆ ಹಿಡಿದದ್ದೇ ತಡ, ಸ್ಕ್ರೀನ್ ಒಮ್ಮೆ ಮಿಟುಕಿ ಮತ್ತೆ ಬೆಳಗಿತು. ಎಲ್ಲ ಸರಿ ಅಂತ ನಾನು ಬರೆದುಕೊಳ್ಳಲು ಹೊರಟೆ. ಜೊತೆಗಿದ್ದ ಹುಡುಗಿ "ಸರ್, ಹನಿ ನೋಡಿ" ಅಂದಳು. ಟ್ಯೂಬಿನ ತುದಿಯಲ್ಲಿ ಹನಿ ನಿಂತಿತ್ತು. ಪಂಪ್ ಒಳಗೊಳಗೇ ರೀಸ್ಟಾರ್ಟ್ ಆಗಿ, ಹಳೆಯ ರೇಟನ್ನು ಸ್ಕ್ರೀನ್ ಮೇಲೆ ತೋರಿಸುತ್ತಾ, ಮೋಟಾರ್ ಮಾತ್ರ ಓಡಿಸದೆ ಕುಳಿತಿತ್ತು. ಅಲಾರಂ ಇಲ್ಲ. ಶಾಕ್ ಲೆಕ್ಕದಲ್ಲಿ ಅದು ಪಾಸ್. ಬಿಪಿ ಹಿಡಿದಿಡುವ ಔಷಧಿ ಹೋಗುತ್ತಿದ್ದ ರೋಗಿಯ ಲೆಕ್ಕದಲ್ಲಿ ಏನಾಗುತ್ತಿತ್ತು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಲಾಭ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಯಂತ್ರದ ಆಕಾರವೇ ಬದಲಾದ ಕಡೆ. ಇಸಿಜಿ ಲೀಡ್‌ನ ತುದಿಯನ್ನೇ ನೋಡಿ. ಮೊದಲು ರೋಗಿಯ ಲೀಡ್ ವೈರಿನ ತುದಿಯಲ್ಲಿ ಬರಿಯ ಲೋಹದ ಕಡ್ಡಿ ಹೊರಗೆ ಚಾಚಿಕೊಂಡಿರುತ್ತಿತ್ತು. ಆ ಕಡ್ಡಿ ಮಾನಿಟರ್ ಕೇಬಲ್ಲಿಗೆ ಹೋಗಬೇಕು. ಅದು ಪವರ್ ಕಾರ್ಡಿನ ತೂತಿಗೂ ಹೋಗುತ್ತಿತ್ತು! 1980 ಮತ್ತು 90ರ ದಶಕಗಳಲ್ಲಿ ಅಮೆರಿಕದಲ್ಲಿ ಪುಟ್ಟ ಮಕ್ಕಳ ಎದೆಗೆ ಅಂಟಿಸಿದ್ದ ಲೀಡ್‌ಗಳು ಹೀಗೆ ತಪ್ಪಿ ಮೇನ್ಸ್ ಕಾರ್ಡಿಗೆ ಸೇರಿ ಮಕ್ಕಳು ಸತ್ತರು. ಅವಸರ, ಕತ್ತಲೆ, ಒಂದೇ ಥರ ಕಾಣುವ ವೈರ್‌ಗಳು. ಎಚ್ಚರಿಕೆಯ ಚೀಟಿ ಅಂಟಿಸಿ, ತರಬೇತಿ ಕೊಡಿ ಅಂತ ಹೇಳಿ ಸುಮ್ಮನಾಗಬಹುದಿತ್ತು. ಅದು ಸಾಲಲಿಲ್ಲ. 1997ರಲ್ಲಿ ಔಷಧಿ, ವೈದ್ಯಕೀಯ ಯಂತ್ರಗಳನ್ನು ನಿಯಂತ್ರಿಸುವ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎ ಬರಿಯ ಪಿನ್ನನ್ನೇ ನಿಷೇಧಿಸುವ ನಿಯಮ ತಂದಿತು. ಐಇಸಿ ಸ್ಟ್ಯಾಂಡರ್ಡ್ ಕೂಡ ಅದನ್ನೇ ಕೇಳುತ್ತದೆ. ಇವತ್ತಿನ ಲೀಡ್‌ನಲ್ಲಿ ಲೋಹ ಪ್ಲಾಸ್ಟಿಕ್ ಕವಚದ ಒಳಗೆ ಹುದುಗಿರುತ್ತದೆ. ಬೇಕೆಂದರೂ ಪ್ಲಗ್ಗಿಗೆ ಸಿಕ್ಕಿಸಲು ಆಗುವುದಿಲ್ಲ. ಹೊಸಬರು ಯಾಕೆ ಹೀಗಿದೆ ಅಂತ ಕೇಳುವುದೂ ಇಲ್ಲ. ನನ್ನ ಮಟ್ಟಿಗೆ ಒಳ್ಳೆಯ ನಿಯಮ ಅಂದರೆ ಇದು.

ಮನೆಯಲ್ಲಿ ಬಳಸುವ ಯಂತ್ರಗಳದ್ದೂ ಇದೇ ದಾರಿ. 2010ರಲ್ಲಿ ಬಂದ 60601-1-11, ಮನೆಯ ಅರ್ಥಿಂಗನ್ನು ನಂಬಲೇಬೇಡಿ ಅಂದಿತು. ಕಾಯಂ ಆಗಿ ಗೋಡೆಗೆ ಜೋಡಿಸದ ಯಂತ್ರವಾದರೆ ಅರ್ಥ್ ಇಲ್ಲದೆಯೂ ಕಾಪಾಡುವ ಡಬಲ್ ಇನ್ಸುಲೇಷನ್ ಇರಬೇಕು, ಇಲ್ಲವೇ ಬ್ಯಾಟರಿಯಲ್ಲಿ ನಡೆಯಬೇಕು. ಮೇಲಿಂದ ನೀರು ತೊಟ್ಟಿಕ್ಕಿದರೂ ಕೆಡಬಾರದು. ಚೌಕದೊಳಗೆ ಚೌಕದ ಗುರುತು ನೋಡಿರುತ್ತೀರಲ್ಲಾ, ಅದೇ ಡಬಲ್ ಇನ್ಸುಲೇಷನ್ ಗುರುತು.

ಇನ್ನು ಬೆಲೆ. ಕೊಟೇಶನ್ ಕೊಟ್ಟವರು ಪೂರ್ತಿ ಸುಳ್ಳು ಹೇಳಿಲ್ಲ. ಪವರ್ ಸಪ್ಲೈ ಬೋರ್ಡ್ ಒಂದನ್ನು ಬಿಚ್ಚಿ ನೋಡಿದರೆ ತಿಳಿಯುತ್ತದೆ. ಮೇನ್ಸ್ ಕಡೆಗೂ ರೋಗಿಯ ಕಡೆಗೂ ನಡುವೆ ಎರಡು ಪದರದ ರಕ್ಷಣೆ ಬೇಕು. 230 ವೋಲ್ಟ್ ಮೇನ್ಸಿಗೆ ಬೋರ್ಡಿನ ಮೈಮೇಲೆ ಹೋಗುವ ದಾರಿ 8 ಮಿಲಿಮೀಟರ್ ಇರಬೇಕು, ಗಾಳಿಯಲ್ಲಿ ನೇರ ದೂರ 5 ಮಿಲಿಮೀಟರ್. 4000 ವೋಲ್ಟ್ ಕೊಟ್ಟರೂ ಒಡೆಯಬಾರದು. ರೋಗಿ ಮುಟ್ಟದ, ನಡೆಸುವವರು ಮಾತ್ರ ಮುಟ್ಟುವ ಭಾಗಕ್ಕಾದರೆ ಇಷ್ಟು ಕೇಳುವುದಿಲ್ಲ, 3000 ವೋಲ್ಟ್ ಸಾಕು. ರೋಗಿ ಮಲಗಿರುತ್ತಾನೆ, ಮೈಗೆ ವೈರ್ ಅಂಟಿಸಿರುತ್ತಾರೆ, ಪ್ರಜ್ಞೆ ಇಲ್ಲದೆಯೂ ಇರಬಹುದು. ಕೈ ಹಿಂದಕ್ಕೆ ಎಳೆದುಕೊಳ್ಳಲು ಅವನಿಂದ ಆಗದು. ಅದಕ್ಕೇ ಈ ಭೇದ. ಇಷ್ಟೆಲ್ಲ ಹಿಡಿಸಲು ಟ್ರಾನ್ಸ್‌ಫಾರ್ಮರ್ ದೊಡ್ಡದಾಗುತ್ತದೆ, ಬೋರ್ಡಿನಲ್ಲಿ ಉದ್ದಕ್ಕೆ ಸೀಳು ಕೊಯ್ಯುತ್ತಾರೆ. ಮಾಮೂಲು ಕಂಪ್ಯೂಟರ್ ಅಡಾಪ್ಟರ್ ತಂದು ಹಾಕಿದರೆ ಸಾಗದು.

ಆದರೆ ಬಿಡಿಭಾಗದ ಖರ್ಚು ಚಿಕ್ಕದು. ದೊಡ್ಡದು ಪರೀಕ್ಷೆ ಮತ್ತು ದಾಖಲೆಯದು. ಅದು ಹತ್ತು ಯಂತ್ರ ಮಾಡಿದರೂ ಅಷ್ಟೇ, ಹತ್ತು ಸಾವಿರ ಮಾಡಿದರೂ ಅಷ್ಟೇ. ದೊಡ್ಡ ಕಂಪನಿ ಅದನ್ನು ಸಾವಿರಾರು ಯಂತ್ರಗಳ ಮೇಲೆ ಹಂಚಿಬಿಡುತ್ತದೆ. ಅಪರೂಪದ ಕಾಯಿಲೆಗೆ ವರ್ಷಕ್ಕೆ ಬೆರಳೆಣಿಕೆಯಷ್ಟು ಯಂತ್ರ ಮಾಡುತ್ತಿದ್ದ ಸಣ್ಣ ತಯಾರಕರು ಎಲ್ಲಿಂದ ತರಬೇಕು? ಹೊಸ ಆವೃತ್ತಿಗೆ ಬದಲಾಗುವ ಗಡುವು ಬಂದಾಗ ಅಂಥವರು ಯಂತ್ರವನ್ನು ತಿದ್ದುವ ಬದಲು ಮಾಡುವುದನ್ನೇ ನಿಲ್ಲಿಸುತ್ತಾರೆ. ಕೆಟ್ಟ ಯಂತ್ರವೇ ನಿಲ್ಲುತ್ತದೆ ಅಂತಲೂ ಇಲ್ಲ.

ಇದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು. ಒಮ್ಮೆ ಪಾಸಾದ ಯಂತ್ರವನ್ನು ಯಾರೂ ಮುಟ್ಟಲು ಒಪ್ಪುವುದಿಲ್ಲ. ಒಳ್ಳೆಯ ಬ್ಯಾಟರಿ ಬಂದಿದೆ ಅಂತ ಎಂಜಿನಿಯರಿಗೆ ಗೊತ್ತು. ಹಾಕಿದರೆ ಮತ್ತೆ ಪರೀಕ್ಷೆ, ಮತ್ತೆ ಫೈಲು. "ಮುಂದಿನ ಮಾಡೆಲ್‌ನಲ್ಲಿ ನೋಡೋಣ" ಅನ್ನುತ್ತಾರೆ. ಸುರಕ್ಷತೆಗಾಗಿ ಬಂದ ನಿಯಮವೇ ಸಣ್ಣಪುಟ್ಟ ಸುಧಾರಣೆಗೆ ಅಡ್ಡ ಬಂದು ಕೂರುತ್ತದೆ. ಈ ನಷ್ಟ ಯಾವ ಟೆಸ್ಟ್ ರಿಪೋರ್ಟಿನಲ್ಲೂ ಕಾಣುವುದಿಲ್ಲ. ಅಲಾರಂ ವಿಷಯವೂ ಅಷ್ಟೇ. ಎಲ್ಲ ಯಂತ್ರಗಳೂ ಕೂಗಲು ಕಲಿತ ಮೇಲೆ ಐಸಿಯುನಲ್ಲಿ ಯಾವ ಕೂಗಿಗೆ ಓಡಬೇಕು ಅನ್ನುವುದೇ ನರ್ಸ್‌ಗಳ ತಲೆನೋವು.

ಈಗ ನಿಮ್ಮ ವಾರ್ಡಿಗೆ ಬರೋಣ. 60601 ಹೇಳುವುದು ಹೊಸ ಯಂತ್ರ ಕಾರ್ಖಾನೆಯಿಂದ ಹೇಗೆ ಹೊರಬರಬೇಕು ಅಂತ. ಮಂಚದ ಪಕ್ಕ ಅದಕ್ಕೆ ಏನೇನಾಗುತ್ತದೆ ಅನ್ನುವುದು ಬೇರೆ ಮಾತು. ಒಂದು ಕಡೆ ನಾನು ಹೊಸ ಮಾನಿಟರ್ ಅಳೆಯಲು ಹೋಗಿದ್ದೆ. ಮಾನಿಟರ್ ಏನೋ ಬಂಗಾರದಂಥದ್ದು. ಅದು ಸಿಕ್ಕಿಸಿದ್ದು ಮಂಚದ ಕೆಳಗೆ ಬಿದ್ದಿದ್ದ ಎಕ್ಸ್‌ಟೆನ್ಷನ್ ಬೋರ್ಡಿಗೆ. ಅದೇ ಬೋರ್ಡಿಗೆ ಎರಡು ಪಂಪ್, ಒಂದು ಸಕ್ಷನ್, ಒಂದು ನೆಬ್ಯುಲೈಜರ್, ಯಾರದೋ ಫೋನ್ ಚಾರ್ಜರ್. ಬೋರ್ಡ್ ಬಿಚ್ಚಿದೆ. ಅರ್ಥ್ ವೈರ್ ಸ್ಕ್ರೂನಿಂದ ಕಳಚಿ ಪಕ್ಕಕ್ಕೆ ಒರಗಿತ್ತು. ಮೂರು ಪಿನ್ನಿನ ಪ್ಲಗ್ಗು ಗಟ್ಟಿಯಾಗಿ ಕೂರುತ್ತಿತ್ತು, ಹೊರಗಿಂದ ಯಾರಿಗೂ ಅನುಮಾನವೇ ಬಾರದು.

ಲೆಕ್ಕ ಹಾಕಿ. ಒಂದೊಂದು ಯಂತ್ರದ್ದೂ 300 ಮೈಕ್ರೋಆಂಪಿಯರ್ ಲೀಕೇಜ್ ಅಂದುಕೊಳ್ಳಿ. ಬಿಡಿಯಾಗಿ ನೋಡಿದರೆ ಎಲ್ಲವೂ ಪಾಸ್. ಐದು ಸೇರಿ ಒಂದೇ ಅರ್ಥ್ ವೈರಿಗೆ ನೇತುಬಿದ್ದು ಆ ವೈರ್ ತುಂಡಾದರೆ, ಒಂದು ಡಬ್ಬಿ ಮುಟ್ಟಿದವರ ಮೈಗೆ 1500 ಬರಬಹುದು. ಮಿತಿ 500. ಇಂಥ ಬೋರ್ಡಿನ ಬಗ್ಗೆ ಸ್ಟ್ಯಾಂಡರ್ಡ್‌ನಲ್ಲಿ ಪಾಠ ಇಲ್ಲ ಅಂತಲ್ಲ, ಇದೆ. ಬೋರ್ಡಿಗೆ ಓದಲು ಬರುವುದಿಲ್ಲ ಅಷ್ಟೇ.

ಬಳಕೆಯಲ್ಲಿರುವ ಯಂತ್ರಗಳಿಗೆಂದೇ ಐಇಸಿ 62353 ಅನ್ನುವ ಬೇರೆ ಸ್ಟ್ಯಾಂಡರ್ಡ್ ಇದೆ. 2007ರಲ್ಲಿ ಬಂತು, 2014ರಲ್ಲಿ ಹೊಸದಾಯಿತು. ನಿಮ್ಮ ಕೆಲಸಕ್ಕೆ ಬೇಕಾದದ್ದು ಇದು. ರಿಪೇರಿ ಆದ ಮೇಲೆ ಮತ್ತು ಆಗಾಗ ಏನು ಅಳೆಯಬೇಕು ಅಂತ ಇದರಲ್ಲಿ ಸರಳವಾಗಿ ಹೇಳಿದ್ದಾರೆ. ಪವರ್ ಕಾರ್ಡ್ ಸೇರಿಸಿ ಅರ್ಥ್ ದಾರಿ 0.3 ಓಮ್ ಮೀರಬಾರದು ಅನ್ನುವಂಥ ಮಿತಿಗಳು. ಅಳೆಯುವಾಗ ಕಾರ್ಡನ್ನು ಉದ್ದಕ್ಕೂ ಬಗ್ಗಿಸಿ ನೋಡಿ. ಸುಮ್ನೆ ಇಟ್ಟಾಗ ಪಾಸಾದದ್ದು ಬಗ್ಗಿಸಿದಾಗ ಫೇಲಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಹಳೆಯ ಮಾನಿಟರ್ ತೆಗೆದುಹಾಕಬೇಕಾ ಅಂತ ಕೇಳಿದಿರಿ. ಹೊಸ ಆವೃತ್ತಿ ಬಂದ ಮಾತ್ರಕ್ಕೆ ಹಳೆಯ ಯಂತ್ರ ಅಪರಾಧಿ ಆಗುವುದಿಲ್ಲ. ಸಾಮಾನ್ಯವಾಗಿ ಯಂತ್ರ ತಯಾರಾದಾಗ ಯಾವ ಆವೃತ್ತಿ ನಡೆಯುತ್ತಿತ್ತೋ ಅದರ ಅಳತೆಗೆ ಅದು ನಿಂತರೆ ಸಾಕು. ಹದಿನೈದು ವರ್ಷದ ಮಾನಿಟರ್ ಎರಡನೇ ಆವೃತ್ತಿಯದ್ದೂ ಇರಬಹುದು, ಮೂರನೆಯದ್ದೂ ಇರಬಹುದು. ಅದರ ಪುಸ್ತಕದ ಕೊನೆಯ ಪುಟಗಳಲ್ಲಿ ಬರೆದಿರುತ್ತದೆ.

ನಾನಾದರೆ ವಯಸ್ಸು ನೋಡುವುದಿಲ್ಲ. ಬರಿಯ ಪಿನ್ನಿನ ಲೀಡ್ ಇನ್ನೂ ಬಳಸುತ್ತಿದ್ದರೆ ಇವತ್ತೇ ಲೀಡ್ ಬದಲಿಸುತ್ತೇನೆ. ಕವಚ ಇರುವ ಲೀಡ್ ಆ ಮಾನಿಟರಿಗೆ ಸಿಗುವುದಿಲ್ಲ ಅಂದರೆ ಮಾನಿಟರನ್ನೇ ಬಿಡುತ್ತೇನೆ. ಚೌಕದೊಳಗಿನ ಹೃದಯ ಇಲ್ಲದಿದ್ದರೆ ಪೇಸಿಂಗ್ ವೈರ್ ಇರುವ ರೋಗಿಯ ಹತ್ತಿರ ತರುವುದಿಲ್ಲ, ಸಾಮಾನ್ಯ ವಾರ್ಡಿನಲ್ಲಿ ಓಡಿಸುತ್ತೇನೆ. ಬ್ಯಾಟರಿ, ಫ್ಯೂಸ್, ಕೇಬಲ್ ಇವುಗಳಿಗೆ ತಯಾರಕರು ಹೇಳಿದ ಭಾಗ ಸಿಗುತ್ತಿಲ್ಲ, ಯಾವುದೋ ಒಂದನ್ನು ತಂದು ಹೊಂದಿಸುತ್ತಿದ್ದೀರಿ ಅಂದರೆ ಅದರ ದಿನ ಮುಗಿಯಿತು ಅಂತಲೇ. ಹೊರಗಿನ ಡಬ್ಬಿ ಹಾಗೇ ಇರುತ್ತದೆ, ಒಳಗೆ ಪಾಸಾದ ಯಂತ್ರ ಉಳಿದಿರುವುದಿಲ್ಲ. ಇನ್ನೊಂದು, ಹಳೆಯವುಗಳನ್ನು ಪರೀಕ್ಷಿಸುವಾಗ ಸುತ್ತ ಇಷ್ಟು ಫೋನ್, ವೈಫೈ ಇರಲಿಲ್ಲ. ಆಗ ಮಾಮೂಲು ಯಂತ್ರಕ್ಕೆ ಒಂದು ಮೀಟರ್ ದೂರಕ್ಕೆ 3 ವೋಲ್ಟ್ ಲೆಕ್ಕದ ರೇಡಿಯೋ ಅಲೆ ತಾಳಿದರೆ ಸಾಕಿತ್ತು. 60601-1-2ರ 2014ರ ಆವೃತ್ತಿ ಹತ್ತಿರದ ಟ್ರಾನ್ಸ್‌ಮಿಟರ್‌ಗಳಿಗೆ ಅದೇ ಲೆಕ್ಕದಲ್ಲಿ 28 ವೋಲ್ಟ್ ತನಕ ಕೇಳುತ್ತದೆ. ಹಾಗಾಗಿ ಹಳೆಯ ಮಾನಿಟರ್ ತಲೆಯ ಮೇಲೆ ಫೋನ್, ವಾಕಿಟಾಕಿ ಇಡಲು ಬಿಡಬೇಡಿ.

ಹೊಸದು ಕೊಳ್ಳುವಾಗ "ಹೊಸ ಸ್ಟ್ಯಾಂಡರ್ಡ್" ಅಂದವರನ್ನು ಯಾವ ಆವೃತ್ತಿ, ಯಾವ ವರ್ಷದ ತಿದ್ದುಪಡಿ ಅಂತ ಕೇಳಿ. ಟೆಸ್ಟ್ ರಿಪೋರ್ಟ್ ತರಿಸಿ, ಅದರಲ್ಲಿರುವ ಮಾಡೆಲ್ ನಂಬರ್ ಕೊಟೇಶನ್‌ನಲ್ಲಿರುವುದೇನಾ ನೋಡಿ. ಕೆಲವರು ಒಳಗಿನ ಪವರ್ ಸಪ್ಲೈಗೆ ಸಿಕ್ಕ ಸರ್ಟಿಫಿಕೇಟನ್ನು ಇಡೀ ಯಂತ್ರದ್ದು ಅನ್ನುವ ಹಾಗೆ ಮುಂದಿಡುತ್ತಾರೆ. ಒಳ್ಳೆಯ ಎಂಜಿನ್ ಹಾಕಿದ ಬಸ್ಸಿಗೆ ಬ್ರೇಕೂ ಇದೆ ಅಂತ ನಂಬಿದ ಹಾಗೆ ಆಗುತ್ತದೆ ಅದು.

ಕೊಟೇಶನ್‌ಗೆ ಉತ್ತರ ಬರೆಯುವ ಮುಂಚೆ ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ನಿಮ್ಮ ವಾರ್ಡಿನ ಎಕ್ಸ್‌ಟೆನ್ಷನ್ ಬೋರ್ಡುಗಳ ಪ್ಲಗ್ ಕಿತ್ತು, ಒಂದೊಂದಾಗಿ ಬಿಚ್ಚಿ ನೋಡಿ. ಹಸಿರು ವೈರ್, ಅಂದರೆ ಅರ್ಥ್, ಎಲ್ಲಿದೆ ಅಂತ ನೋಡಿದರೆ ಸಾಕು.